ಮೂಗಿನ ನಡುಗೋಡೆ ಸೊಟ್ಟವಾದರೆ ಮುಖವೂ ಸೊಟ್ಟವೇ?

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಮೂಗಿನದೇ ಕಾರುಬಾರು. ಕಿವಿ-ಮೂಗು-ಗಂಟಲು ಮತ್ತು ದಂತ-ದವಡೆ ವಿಭಾಗದ ವೈದ್ಯರು ಸೇರಿ ಉತ್ತರಿಸಿದ್ದಾರೆ. ಕೇಳಿದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಡಾಕ್ಟರೇ, ನನಗೆ 26 ವರ್ಷ, ಮದುವೆ ನಿಶ್ಚಯವಾಗಿದೆ. ಫೋಟೋಗಳಲ್ಲಿ ಮುಖದ ಎಡಭಾಗ ಚಿಕ್ಕದಾಗಿ, ಮೂಗು ಎಡಕ್ಕೆ ವಾಲಿದ ಹಾಗೆ ಕಾಣುತ್ತದೆ. ತಲೆನೋವಿಗೆಂದು ಮಾಡಿಸಿದ ಸಿ.ಟಿ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಎಡಕ್ಕೆ ಡಿ.ಎನ್.ಎಸ್. (ಸೊಟ್ಟ ನಡುಗೋಡೆ), ಜೊತೆಗೆ ಸ್ಪರ್’ ಎಂದು ಬರೆದಿದ್ದಾರೆ. ಉಸಿರಾಟಕ್ಕೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಆಪರೇಷನ್ ಮಾಡಿಸಿದರೆ ಮುಖ ನೇರವಾಗುತ್ತದೆಯೇ? – ಪೊನ್ನಂಪೇಟೆ

ಉತ್ತರ: ಆಗುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ಪತ್ರಗಳ ಬೇರೂ ಇಲ್ಲೇ ಇದೆ.

ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದೇ ತುಂಡಲ್ಲ. ಮುಂಭಾಗದಲ್ಲಿ ಚೌಕಾಕಾರದ ಮೃದ್ವಸ್ಥಿ, ಹಿಂದೆ ಮೇಲ್ಭಾಗದಲ್ಲಿ ಎಥ್ಮಾಯ್ಡ್ ಮೂಳೆಯ ತೆಳು ಹಲಗೆ, ಹಿಂದೆ ಕೆಳಗೆ ವೋಮರ್ ಎಂಬ ಮೂಳೆ, ತಳದಲ್ಲಿ ಮೇಲ್ದವಡೆಯಿಂದ ಎದ್ದು ಬಂದ ಸಣ್ಣ ಏಣು. ಇವು ಒಂದಕ್ಕೊಂದು ಕೂಡುವ ಕಡೆಗಳಲ್ಲೇ ಸೊಟ್ಟ ಹೆಚ್ಚು. ಆ ಕೂಡುಗೆರೆಯಲ್ಲಿ ಮುಳ್ಳಿನಂತೆ ಚಾಚಿಕೊಂಡರೆ ಅದೇ ನಿಮ್ಮ ರಿಪೋರ್ಟಿನ ‘ಸ್ಪರ್’. ನಿಮ್ಮದೊಬ್ಬರದೇ ಹೀಗೆ ಎಂದುಕೊಳ್ಳಬೇಡಿ, ತೂಗುಗುಂಡು ಬಿಟ್ಟಷ್ಟು ನೇರ ನಡುಗೋಡೆ ಇರುವವರೇ ಕಮ್ಮಿ. ಅದಕ್ಕೇ ಬೇರೇನೋ ಹುಡುಕಲು ಮಾಡಿದ ಸ್ಕ್ಯಾನಿನಲ್ಲಿ ‘ಡಿ.ಎನ್.ಎಸ್.’ ಎಂಬ ಮೂರಕ್ಷರ ಪದೇ ಪದೇ ಕಾಣಿಸುತ್ತದೆ. ಅದು ರೋಗದ ಹೆಸರಲ್ಲ, ಆಕಾರದ ವರ್ಣನೆ.

ಇನ್ನು ಮುಖ. ಎಲ್ಲರ ಮುಖದಲ್ಲೂ ಎಡ-ಬಲಕ್ಕೆ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ನಡುಗೋಡೆ ಹೆಚ್ಚು ಸೊಟ್ಟವಿರುವವರಲ್ಲಿ ಮುಖದ ನಡುಭಾಗದ ಅಸಮತೆಯೂ ಹೆಚ್ಚು ಕಂಡುಬರುತ್ತದೆ ಎಂಬುದು ನಿಜ. ಹಾಗೆಂದು ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನಲಾಗದು. ಮಗುವಿನ ಮುಖ ಬೆಳೆಯುವಾಗ ನಡುಗೋಡೆಯ ಮೃದ್ವಸ್ಥಿ ಮೇಲ್ದವಡೆಯನ್ನು ಮುಂದಕ್ಕೂ ಕೆಳಕ್ಕೂ ತಳ್ಳುತ್ತದೆ. ಎಳೆಯ ಮೊಲಗಳಲ್ಲಿ ಆ ಮೃದ್ವಸ್ಥಿಯನ್ನು ತೆಗೆದಾಗ ಮೂತಿ ಮೊಟಕಾಗಿ ಬೆಳೆದದ್ದನ್ನು ವಿಜ್ಞಾನಿಗಳು ನೋಡಿದ್ದಾರೆ. ಇನ್ನೊಂದು ದಿಕ್ಕಿನಿಂದ, ಮೇಲ್ದವಡೆಯ ಎರಡು ಅರ್ಧಗಳು ಸಮನಾಗಿ ಬೆಳೆಯದೆ ಹೋದರೆ ತಳದ ಏಣೇ ಓರೆಯಾಗಿ, ಅದರ ಮೇಲೆ ನಿಂತ ಗೋಡೆಯೂ ಓರೆಯಾಗುತ್ತದೆ. ಅಂದರೆ ಇವೆರಡೂ ಒಂದೇ ಬೆಳವಣಿಗೆಯ ಮಕ್ಕಳು, ಅಪ್ಪ-ಮಗ ಅಲ್ಲ. 26ಕ್ಕೆ ಬೆಳವಣಿಗೆ ಮುಗಿದಿದೆ. ಈಗ ಗೋಡೆಯನ್ನು ನೇರ ಮಾಡಿದರೆ ಕೆನ್ನೆಮೂಳೆ, ದವಡೆ, ಕಣ್ಣಿನ ಗೂಡು ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ.

ನಡುಗೋಡೆ ನೇರ ಮಾಡುವ ಆಪರೇಷನ್, ಅಂದರೆ ಸೆಪ್ಟೋಪ್ಲಾಸ್ಟಿ, ನಡೆಯುವುದು ಪೂರ್ತಿ ಹೊಳ್ಳೆಯೊಳಗೆ. ಒಳಪೊರೆ ಬಿಡಿಸಿ, ಸೊಟ್ಟ ಭಾಗವನ್ನು ತೆಗೆದೋ ತಿದ್ದಿಯೋ ಪೊರೆಯನ್ನು ಮತ್ತೆ ಕೂರಿಸುತ್ತಾರೆ. ಮೂಗಿನ ಬೆನ್ನಿಗೂ ತುದಿಗೂ ಆಧಾರವಾಗಿ ಕನಿಷ್ಠ 1 ಸೆಂ.ಮೀ. ಅಗಲದ ಮೃದ್ವಸ್ಥಿಯ ಪಟ್ಟಿಯನ್ನು ಬಿಡಲೇಬೇಕು, ಇಲ್ಲದಿದ್ದರೆ ಮೂಗು ಕುದುರೆಯ ಜೀನಿನಂತೆ ಕುಸಿಯುತ್ತದೆ. ಹೊರಗಿನ ಮೂಗನ್ನೂ ನೇರ ಮಾಡುವುದು ಬೇರೆ ಶಸ್ತ್ರಚಿಕಿತ್ಸೆ, ಸೆಪ್ಟೋರೈನೋಪ್ಲಾಸ್ಟಿ. ಅದರಲ್ಲೂ ಒಂದು ತೊಡಕಿದೆ. ಮುಖವೇ ಓರೆಯಿರುವಾಗ ‘ನಡು’ ಎಂದರೆ ಯಾವುದು? ಹುಬ್ಬಿನ ನಡುವೆಯೇ, ಮೇಲ್ತುಟಿಯ ನಡುವೆಯೇ, ಗದ್ದದ ನಡುವೆಯೇ? ಒಂದಕ್ಕೆ ಸರಿ ಹೊಂದಿಸಿದರೆ ಇನ್ನೊಂದಕ್ಕೆ ಮೂಗು ವಾಲಿದಂತೆ ಕಾಣುತ್ತದೆ. ಇದನ್ನು ಕೈಗನ್ನಡಿ ಕೊಟ್ಟು ಮೊದಲೇ ತೋರಿಸುವ ಸರ್ಜನ್ ಸಿಕ್ಕರೆ ಪುಣ್ಯ.

ಓಡಾಡುವ ಮೊದಲು ಮನೆಯಲ್ಲೇ ಒಂದು ಅಳತೆ ಮಾಡಿ. ಮೊಬೈಲನ್ನು ಕೈಯಲ್ಲಿ ಹಿಡಿದು ತೆಗೆದ ಸೆಲ್ಫಿ ಲೆಕ್ಕಕ್ಕಿಲ್ಲ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಬುಡ, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30% ಅಗಲವಾಗಿ ಕಾಣುತ್ತದೆ. ತಲೆ ಒಂಚೂರು ತಿರುಗಿದರೂ ಒಂದು ಕೆನ್ನೆ ಚಿಕ್ಕದಾಯಿತು ಎಂದೇ ಲೆಕ್ಕ. ಬೇರೆಯವರ ಕೈಯಲ್ಲಿ ಫೋನ್ ಕೊಟ್ಟು, 5 ಅಡಿ ದೂರದಲ್ಲಿ ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು, ಝೂಮ್ ಮಾಡಿ ತೆಗೆಸಿ. ಎರಡೂ ಕಿವಿ ಒಂದೇ ಸಮ ಕಾಣಬೇಕು. ಕೂದಲು ಹಿಂದಕ್ಕೆ ಕಟ್ಟಿ, ಹಲ್ಲು ಕಚ್ಚಿ, ತುಟಿ ಸಡಿಲ ಬಿಡಿ. ಚಿತ್ರದ ಮೇಲೆ ಹುಬ್ಬಿನ ನಡುವಿನಿಂದ ನೇರ ಕೆಳಕ್ಕೆ ಗೆರೆ ಎಳೆದು, ಮೂಗಿನ ಬೆನ್ನು, ತುದಿ, ಮೇಲ್ತುಟಿಯ ಕುಳಿ, ಗದ್ದ ಎಲ್ಲೆಲ್ಲಿ ಗೆರೆ ಬಿಟ್ಟಿವೆ ನೋಡಿ. ಇನ್ನೊಂದು: ಐಸ್‌ಕ್ರೀಂ ಕಡ್ಡಿಯನ್ನು ಅಡ್ಡವಾಗಿ, ಕೋರೆಹಲ್ಲುಗಳ ಹಿಂದೆ ಕಚ್ಚಿಕೊಂಡು ಚಿತ್ರ ತೆಗೆಸಿ. ಕಡ್ಡಿ ಎರಡು ಕಣ್ಣುಗಳ ಗೆರೆಗೆ ಸಮಾನಾಂತರವಾಗಿದ್ದರೆ ದವಡೆ ಮಟ್ಟಸವಾಗಿದೆ. ಓರೆಯಾಗಿದ್ದರೆ ನಿಮ್ಮ ಮುಖದ ಕಥೆ ಮೂಗಿನದಲ್ಲ, ದವಡೆಯದು. ಆಗ ಹೋಗಬೇಕಾದ್ದು ವಕ್ರದಂತ ತಜ್ಞರ ಹತ್ತಿರ. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು ನಿಮಗೆ ಹತ್ತಿರ. ಗದ್ದ ವರ್ಷದಿಂದ ವರ್ಷಕ್ಕೆ ಒಂದೇ ಕಡೆಗೆ ಸರಿಯುತ್ತಾ ಹೋಗುತ್ತಿದ್ದರೆ ಮಾತ್ರ ಬೇಗ ತೋರಿಸಿ, ಒಂದು ಬದಿಯ ದವಡೆಗುಬಟು (ಕಿವಿಯ ಮುಂದೆ ಕೀಲಿನಲ್ಲಿ ಕೂರುವ ಕೆಳದವಡೆಯ ತುದಿ) ಇನ್ನೂ ಬೆಳೆಯುತ್ತಿರಬಹುದು.

ಉಸಿರಾಟಕ್ಕೆ ತೊಂದರೆಯೇ ಇಲ್ಲ ಎಂದಿರಿ. ಹಾಗಿದ್ದರೆ ಸ್ಪರ್ ಅಲ್ಲೇ ಇರಲಿ. ಮೂಗಿಗಿಂತ ಮೂಗುತಿ ಭಾರ ಮಾಡಿಕೊಳ್ಳಬೇಡಿ.

ಪ್ರಶ್ನೆ: ರಾತ್ರಿ ಒಂದೇ ಮಗ್ಗುಲಲ್ಲಿ ಮಲಗುವುದರಿಂದ ಮೂಗು ಸೊಟ್ಟವಾಗುತ್ತದೆಯೇ? ಆನ್‌ಲೈನಿನಲ್ಲಿ ಸಿಗುವ ಮೂಗಿನ ಕ್ಲಿಪ್ ಹಾಕಿದರೆ ಸರಿಹೋಗುತ್ತದೆಯೇ? – ಸುಂಟಿಕೊಪ್ಪ

ಉತ್ತರ: ಎರಡಕ್ಕೂ ಇಲ್ಲ. ಬೆಳೆದವರ ಮೃದ್ವಸ್ಥಿ ಹೊರಗಿನ ಒತ್ತಡಕ್ಕೆ ಬಾಗಿ ನಿಲ್ಲುವುದಿಲ್ಲ, ನೇರವಾಗಿಯೂ ನಿಲ್ಲುವುದಿಲ್ಲ. ಚರ್ಮ ಕೆಂಪಾಗುತ್ತದೆ, ದುಡ್ಡು ಹೋಗುತ್ತದೆ, ಅಷ್ಟೆ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಕಳೆದ ಬೇಸಿಗೆಯಲ್ಲಿ ಹಾಕಿ ಆಡುವಾಗ ಸ್ಟಿಕ್ ಮೂಗಿಗೆ ಬಡಿಯಿತು. ರಕ್ತ ನಿಂತಿತು, ಊತ ಇಳಿಯಿತು ಎಂದು ಸುಮ್ಮನಾದೆವು. ಈಗ ಮೂಗು ಬಲಕ್ಕೆ ವಾಲಿದೆ, ಬಲ ಹೊಳ್ಳೆ ಕಟ್ಟಿರುತ್ತದೆ. ಮುಖವೂ ಸೊಟ್ಟವಾಗಿ ಬೆಳೆದೀತೇ? ಈಗಲೇ ಆಪರೇಷನ್ ಮಾಡಿಸಬಹುದೇ? – ನಾಪೋಕ್ಲು

ಉತ್ತರ: 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಶುರುವಾದ ಜಿಲ್ಲೆ ಇದು, ಸ್ಟಿಕ್ ಹಿಡಿಯದ ಮಕ್ಕಳೇ ಇಲ್ಲ. ಆದ್ದರಿಂದ ನಿಮ್ಮ ಮಗನ ವಿಷಯಕ್ಕೆ ಬರುವ ಮೊದಲು ಮೈದಾನದ ಬದಿಯಲ್ಲಿ ನಿಲ್ಲುವ ಎಲ್ಲ ಅಪ್ಪ-ಅಮ್ಮಂದಿರಿಗೆ ಒಂದು ಮಾತು.

ಮೂಗಿಗೆ ಪೆಟ್ಟು ಬಿದ್ದರೆ ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಎತ್ತಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ರಕ್ತ ನಿಂತ ಮೇಲೆ ಟಾರ್ಚ್ ಬಿಟ್ಟು ಎರಡೂ ಹೊಳ್ಳೆಯೊಳಗೆ ನೋಡಿ. ನಡುಗೋಡೆಯ ಮೇಲೆ ನೇರಳೆ ಹಣ್ಣಿನಂತೆ ಕೆಂಪು-ನೀಲಿ ಉಬ್ಬು, ಸಾಮಾನ್ಯವಾಗಿ ಎರಡೂ ಕಡೆ, ಕಂಡರೆ ಅದು ಪೊರೆಯ ಕೆಳಗೆ ಹೆಪ್ಪುಗಟ್ಟಿದ ರಕ್ತ. ಸೊಟ್ಟ ಗೋಡೆ ಮುಟ್ಟಿದರೆ ಗಟ್ಟಿ, ಇದು ಮೆತ್ತಗೆ ಒತ್ತಿಕೊಳ್ಳುತ್ತದೆ. ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ, ಅನ್ನ-ನೀರು ಸಿಗುವುದು ಮೇಲಿನ ಪೊರೆಯಿಂದಲೇ. ನಡುವೆ ರಕ್ತ ನಿಂತರೆ ಆ ಪೂರೈಕೆ ಕಡಿದು, ಮೂರ್ನಾಲ್ಕು ದಿನಗಳಲ್ಲೇ ಮೃದ್ವಸ್ಥಿ ಸಾಯತೊಡಗುತ್ತದೆ, ಕೀವೂ ಆಗಬಹುದು. ಆಮೇಲೆ ಮೂಗು ಕುಸಿಯುವುದನ್ನು ತಡೆಯಲಾಗದು. ಇದು ಅದೇ ದಿನ ಆಸ್ಪತ್ರೆಯಲ್ಲಿ ರಕ್ತ ತೆಗೆಸಬೇಕಾದ ತುರ್ತು. ಪಂದ್ಯ ಮುಗಿಯಲಿ, ನಾಳೆ ಸಂತೆಗೆ ಹೋದಾಗ ತೋರಿಸಿದರಾಯಿತು ಅನ್ನಬೇಡಿ.

ಉಬ್ಬು ಇಲ್ಲದೆ ಬರಿಯ ಊತವಿದ್ದರೆ, ಅದು ಇಳಿಯಲೆಂದು 3ರಿಂದ 5 ದಿನ ಕಾದು ಮತ್ತೆ ತೋರಿಸಬೇಕು. ಮುರಿದು ಸರಿದ ಮೂಳೆಯನ್ನು ಗಾಯ ಮಾಡದೆ ಒತ್ತಿ ಕೂರಿಸಲು ಮಕ್ಕಳಲ್ಲಿ ಸುಮಾರು ಒಂದು ವಾರ, ದೊಡ್ಡವರಲ್ಲಿ ಹತ್ತರಿಂದ ಹದಿನಾಲ್ಕು ದಿನ ಅವಕಾಶ. ಅದು ದಾಟಿದರೆ ಓರೆಯಲ್ಲೇ ಕೂಡಿಕೊಳ್ಳುತ್ತದೆ. ನಿಮ್ಮ ಮಗನದು ಆಗಿರುವುದು ಹೀಗೆಯೇ.

ಈಗೇನು? ಹುಡುಗರ ಮೂಗು 17-18ರವರೆಗೂ ಬೆಳೆಯುತ್ತದೆ. ಹೊರಗಿನ ಮೂಗನ್ನು ತಿದ್ದುವ ದೊಡ್ಡ ಶಸ್ತ್ರಚಿಕಿತ್ಸೆಗೆ ಅಲ್ಲಿಯವರೆಗೆ ಕಾಯುವುದು ವಾಡಿಕೆ. ಆದರೆ ಹೊಳ್ಳೆ ಪೂರ್ತಿ ಮುಚ್ಚಿ ಬಾಯಲ್ಲೇ ಉಸಿರಾಡುವ ಹಾಗಿದ್ದರೆ, ಮೃದ್ವಸ್ಥಿಯನ್ನು ಕತ್ತರಿಸಿ ಬಿಸಾಡದೆ ಜಾಗಕ್ಕೆ ತರುವ ಮಿತವಾದ ಸೆಪ್ಟೋಪ್ಲಾಸ್ಟಿಯನ್ನು ಮಕ್ಕಳಲ್ಲೂ ಮಾಡುತ್ತಾರೆ. ಬೆಳೆಯುವಾಗ ಮತ್ತೆ ಸ್ವಲ್ಪ ಓರೆಯಾಗಬಹುದು, ಎರಡನೇ ಸಲ ಬೇಕಾದೀತು ಎಂಬುದನ್ನು ಒಪ್ಪಿಕೊಂಡೇ ಮಾಡಿಸಬೇಕು. ಮುಖದ ವಿಚಾರಕ್ಕೆ ಬಂದರೆ, 13ರ ಹೊತ್ತಿಗೆ ಮುಖದ ನಡುಭಾಗದ ಬೆಳವಣಿಗೆ ಬಹುಪಾಲು ಆಗಿರುತ್ತದೆ. ನಾಲ್ಕೈದು ವರ್ಷದ ಮಗುವಿಗೆ ಇದೇ ಪೆಟ್ಟು ಬಿದ್ದಿದ್ದರೆ ನಾವು ಹೆಚ್ಚು ಚಿಂತಿಸುತ್ತಿದ್ದೆವು. ವರ್ಷಕ್ಕೊಮ್ಮೆ, ಮೇಲೆ ಹೇಳಿದ ಹಾಗೆ 5 ಅಡಿಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಸರ್ಜನ್‌ಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗಳು ಹಗಲೂ ರಾತ್ರಿ ಬಾಯಿ ತೆರೆದೇ ಇರುತ್ತಾಳೆ, ಗೊರಕೆ ಹೊಡೆಯುತ್ತಾಳೆ. ಇತ್ತೀಚೆಗೆ ಗದ್ದ ಎಡಕ್ಕೆ ಹೋದಂತೆ ಕಾಣುತ್ತಿದೆ. ಮೂಗಿನ ಮೂಳೆ ಬೆಳೆದಿದೆ ಎಂದು ಒಬ್ಬರು, ಸುಮ್ಮನಿರಿ ದೊಡ್ಡವಳಾದರೆ ಸರಿಹೋಗುತ್ತದೆ ಎಂದು ಅತ್ತೆ. ಯಾರ ಮಾತು ಕೇಳಲಿ? – ಸೋಮವಾರಪೇಟೆ

ಉತ್ತರ: ಅತ್ತೆಯವರ ಮಾತು ಅರ್ಧ ಸರಿ. ಈ ವಯಸ್ಸಿನಲ್ಲಿ ಬಾಯುಸಿರಿಗೆ ನಡುಗೋಡೆಗಿಂತ ಅಡೆನಾಯ್ಡ್ ಮತ್ತು ಅಲರ್ಜಿಯೇ ಹೆಚ್ಚಿನ ಕಾರಣ. ಮೂಗಿನ ಹಿಂದಿರುವ ಅಡೆನಾಯ್ಡ್ ಎಂಬ ಮಾಂಸದ ಗಡ್ಡೆ ಹದಿಹರೆಯಕ್ಕೆ ತಾನಾಗಿಯೇ ಸಣ್ಣದಾಗುತ್ತದೆ. ಆದರೆ ಅಲ್ಲಿಯವರೆಗೆ ಮುಖ ಕಾಯುವುದಿಲ್ಲ.

ಮೂಗು ಮುಚ್ಚಿದ್ದಕ್ಕೂ ಗದ್ದ ಸರಿದದ್ದಕ್ಕೂ ಸಂಬಂಧ ಹೀಗೆ. ಬಾಯಿ ಮುಚ್ಚಿರುವಾಗ ನಾಲಿಗೆ ಅಂಗುಳಕ್ಕೆ ಒತ್ತಿಕೊಂಡು ಮೇಲ್ದವಡೆಯನ್ನು ಅಗಲವಾಗಿ ಇಡುತ್ತದೆ. ಬಾಯಿ ಸದಾ ತೆರೆದಿದ್ದರೆ ನಾಲಿಗೆ ಕೆಳಗೆ ಬೀಳುತ್ತದೆ, ಹೊರಗಿನಿಂದ ಕೆನ್ನೆಯ ಒತ್ತಡ ಮಾತ್ರ ಉಳಿಯುತ್ತದೆ. ಮೇಲ್ದವಡೆ ಕಿರಿದಾಗಿ, ಅಂಗುಳ ಗೋಪುರದಂತೆ ಏರುತ್ತದೆ. ಕಿರಿದಾದ ಮೇಲಿನ ಹಲ್ಲುಸಾಲಿಗೆ ಕೆಳಗಿನದು ಹೊಂದದೆ ಮಗು ಕಚ್ಚುವಾಗ ದವಡೆಯನ್ನು ಅನುಕೂಲವಾದ ಬದಿಗೆ ಸರಿಸಿಕೊಳ್ಳುತ್ತದೆ. ದಿನಕ್ಕೆ ಸಾವಿರ ಸಲ ಹಾಗೆ ಸರಿಸಿದರೆ ಗದ್ದ ಆ ಬದಿಗೇ ಬೆಳೆಯುತ್ತದೆ. ಮೂಗಿನಿಂದ ಮುಖಕ್ಕೆ ಹೋಗುವ ದಾರಿಗಳಲ್ಲಿ ನಾವು ಅತಿ ಮುಖ್ಯವೆಂದು ಎಣಿಸುವುದು ಇದನ್ನೇ, ಯಾಕೆಂದರೆ ಇದು ಸರಿಪಡಿಸಬಹುದಾದ್ದು.

ಮಗಳನ್ನು ಎದುರಿಗೆ ಕೂರಿಸಿ ದೊಡ್ಡದಾಗಿ ಬಾಯಿ ತೆರೆಯಲು ಹೇಳಿ. ತೆರೆದಾಗ ಗದ್ದ ನಡುವೆ ಇದ್ದು, ಮೆಲ್ಲಗೆ ಮುಚ್ಚುವಾಗ ಹಲ್ಲು ತಾಗುತ್ತಿದ್ದಂತೆ ಎಡಕ್ಕೆ ಜಾರಿದರೆ ಮೂಳೆ ಇನ್ನೂ ನೇರವಿದೆ, ಕಚ್ಚುವಿಕೆ ಮಾತ್ರ ತಪ್ಪಿದೆ. ಇದು ಒಳ್ಳೆಯ ಸುದ್ದಿ. ತೆರೆದಾಗಲೂ ಗದ್ದ ಎಡಕ್ಕೇ ಇದ್ದರೆ ದವಡೆ ಕೀಲನ್ನು ಪರೀಕ್ಷಿಸಬೇಕು.

ಮೊದಲು ಇ.ಎನ್.ಟಿ. ವೈದ್ಯರು, ಆಮೇಲೆ ಸಾಧನ ಹಾಕಿ ಮೇಲ್ದವಡೆಯನ್ನು ಅಗಲ ಮಾಡುವ ವಕ್ರದಂತ ತಜ್ಞರು. ಈ ಕ್ರಮ ತಿರುವುಮುರುವು ಆದರೆ ಅಗಲ ಮಾಡಿದ ದವಡೆ ಮತ್ತೆ ಕಿರಿದಾಗುವ ಅಪಾಯವಿದೆ. ಅಗಲ ಮಾಡುವ ಸಾಧನದಲ್ಲಿ ಒಂದು ಸ್ಕ್ರೂ ಇರುತ್ತದೆ. ಸಾಮಾನ್ಯವಾಗಿ ಒಂದು ತಿರುವಿಗೆ 0.25 ಮಿ.ಮೀ. ಬಿಚ್ಚಿಕೊಳ್ಳುತ್ತದೆ, ಎಷ್ಟು ತಿರುವು ಎಂದು ತಜ್ಞರು ಬರೆದುಕೊಟ್ಟಷ್ಟೇ ತಿರುಗಿಸಬೇಕು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಂದರೆ ಗಾಬರಿ ಬೇಡ, ಅಂಗುಳದ ಕೂಡುಗೆರೆ ತೆರೆದುಕೊಂಡಿದೆ ಎಂದರ್ಥ. ಆ ಗೆರೆ ಹದಿಹರೆಯದಲ್ಲಿ ಬೆಸೆದುಕೊಳ್ಳುತ್ತಾ ಹೋಗುವುದರಿಂದ ಎಂಟು ವರ್ಷ ಎಂಬುದು ಸರಿಯಾದ ಹೊತ್ತು.

ಪ್ರಶ್ನೆ: ನನಗೆ 41. ಒಂದು ವರ್ಷದಿಂದ ಬಲಗಣ್ಣು ಒಳಕ್ಕೆ ಹೋಗಿ, ಕೆಳಗಿಳಿದ ಹಾಗಿದೆ. ನೋವಿಲ್ಲ, ದೃಷ್ಟಿ ಸರಿಯಿದೆ. ಮೊದಲಿಂದಲೂ ಮೂಗು ಬಲಕ್ಕೆ ಸೊಟ್ಟ. ಇದಕ್ಕೂ ಅದಕ್ಕೂ ನಂಟಿದೆಯೇ? – ಸಿದ್ದಾಪುರ

ಉತ್ತರ: ಇರಬಹುದು, ಮತ್ತು ಇದು ಅಪರೂಪದ್ದು. ಕೆನ್ನೆಯ ಹಿಂದೆ, ಮೇಲ್ದವಡೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿಗೂಡಿಗೆ ಮೂಗಿನೊಳಗೆ ಒಂದು ಸಣ್ಣ ಬಾಯಿ ಇದೆ. ಸೊಟ್ಟ ಗೋಡೆ ಪಕ್ಕದ ಮಾಂಸವನ್ನು ಒತ್ತಿ ಆ ಬಾಯಿ ಮುಚ್ಚಿಹೋದರೆ ಒಳಗಿನ ಗಾಳಿ ಹೀರಿಕೊಂಡು, ಸೈನಸ್‌ನ ಗೋಡೆಗಳು ನಿಧಾನವಾಗಿ ಒಳಕ್ಕೆ ಸೆಳೆಯಲ್ಪಡುತ್ತವೆ. ಅದರ ಚಾವಣಿಯೇ ಕಣ್ಣುಗೂಡಿನ ನೆಲ. ನೆಲ ಕುಸಿದರೆ ಕಣ್ಣು ಇಳಿಯುತ್ತದೆ. ನೋವಿಲ್ಲದೆ ನಡೆಯುವುದರಿಂದ ಇದಕ್ಕೆ ‘ಸೈಲೆಂಟ್ ಸೈನಸ್’ ಎಂದೇ ಹೆಸರು. 30ರಿಂದ 50ರ ನಡುವಿನವರಲ್ಲಿ ಹೆಚ್ಚು.

ಹಳೆಯ ಡ್ರೈವಿಂಗ್ ಲೈಸೆನ್ಸಿನ ಫೋಟೋ, ಮದುವೆ ಫೋಟೋ ಜೊತೆಗೆ ತೆಗೆದುಕೊಂಡು ಹೋಗಿ. ಸೈನಸ್ ಸಿ.ಟಿ. ಮಾಡಿದರೆ ಬಲ ಸೈನಸ್ ಚಿಕ್ಕದಾಗಿ, ಗೋಡೆ ಒಳಕ್ಕೆ ಬಾಗಿರುವುದು ಕಾಣುತ್ತದೆ. ಎಂಡೋಸ್ಕೋಪ್ ಎಂಬ ಒಳದರ್ಶಕದ ಮೂಲಕ ಸೈನಸ್ಸಿನ ಬಾಯಿ ಬಿಡಿಸಿ, ಬೇಕಿದ್ದರೆ ನಡುಗೋಡೆಯನ್ನೂ ತಿದ್ದುತ್ತಾರೆ. ಗಾಳಿ ಆಡತೊಡಗಿದ ಮೇಲೆ ತಿಂಗಳುಗಳಲ್ಲಿ ಕಣ್ಣು ಎಷ್ಟೋ ಮೇಲೆ ಬರುವುದರಿಂದ ಕಣ್ಣುಗೂಡಿನ ನೆಲ ಕಟ್ಟುವ ಕೆಲಸಕ್ಕೆ ಅವಸರ ಮಾಡುವುದಿಲ್ಲ. ಮೂಗಿನ ಶಸ್ತ್ರಚಿಕಿತ್ಸೆಯಿಂದ ಮುಖದ ಸಮತೆ ನಿಜಕ್ಕೂ ಮರಳುವ ಸಂದರ್ಭ ಇದೊಂದು. ಒಂದೇ ಹೊಳ್ಳೆಯಲ್ಲಿ ರಕ್ತ, ಕೆನ್ನೆ ಮರಗಟ್ಟುವುದು, ಎರಡೆರಡು ಕಾಣುವುದು ಸೇರಿದ್ದರೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ತಡಮಾಡಬೇಡಿ. ಇನ್ನು ಯಾರಿಗಾದರೂ ಬಾಯಿ ಒಂದು ಕಡೆಗೆ ಸೊಟ್ಟವಾಗಿದ್ದು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಎಂದಾದರೆ ಅದು ನರದ್ದೋ ಮೆದುಳಿನದ್ದೋ ತೊಂದರೆ. ಕೈ, ಮಾತು ತಡವರಿಸಿದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ.

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ. ಎರಡು ವರ್ಷದಿಂದ ಮೂಗಿಗೆ ಡ್ರಾಪ್ಸ್ ಹಾಕದೆ ನಿದ್ದೆಯಿಲ್ಲ. ಡಿ.ಎನ್.ಎಸ್. ಇದೆ, ಆಪರೇಷನ್ ಮಾಡಿಸಿ ಎಂದಿದ್ದಾರೆ. ಮಾಡಿಸಿದರೆ ಡ್ರಾಪ್ಸ್ ಬಿಡಬಹುದೇ? – ಕುಶಾಲನಗರ

ಉತ್ತರ: ಮೊದಲು ಡ್ರಾಪ್ಸ್ ಬಿಡಿ, ಆಮೇಲೆ ಆಪರೇಷನ್ ಬೇಕೇ ಎಂದು ನೋಡೋಣ. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗಾಗಬಾರದು.

ಆಕ್ಸಿಮೆಟಜೋಲಿನ್, ಝೈಲೋಮೆಟಜೋಲಿನ್ ಇರುವ ಡ್ರಾಪ್ಸ್ 3ರಿಂದ 5 ದಿನಕ್ಕೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಔಷಧಿ ಇಳಿದೊಡನೆ ಮೂಗಿನೊಳಗಿನ ಮಾಂಸ ಮೊದಲಿಗಿಂತ ಹೆಚ್ಚು ಊದುತ್ತದೆ, ಮತ್ತೆ ಹಾಕಬೇಕಾಗುತ್ತದೆ. ಬಿಡುವ ದಾರಿ: ವೈದ್ಯರು ಕೊಟ್ಟ ಸ್ಟೀರಾಯ್ಡ್ ಸ್ಪ್ರೇ ಎರಡೂ ಹೊಳ್ಳೆಗೆ ಶುರು ಮಾಡಿ, ಡ್ರಾಪ್ಸನ್ನು ಒಂದು ಹೊಳ್ಳೆಗೆ ಪೂರ್ತಿ ನಿಲ್ಲಿಸಿ. ಆ ಬದಿ ತಾನಾಗಿ ಬಿಡಿಸಿಕೊಂಡ ಮೇಲೆ ಇನ್ನೊಂದು. ಸ್ಪ್ರೇ ಹಿಡಿಯುವಾಗ ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಸ್ಪ್ರೇ ಬಾಟಲಿಯ ಮೂತಿ ಅದೇ ಬದಿಯ ಕಣ್ಣಿನ ಹೊರತುದಿಯ ಕಡೆಗಿರಲಿ. ನಡುಗೋಡೆಗೇ ಹೊಡೆದರೆ ಒಣಗಿ ರಕ್ತ ಬರುತ್ತದೆ. ಪರಿಣಾಮ ಕಾಣಲು ಒಂದೆರಡು ವಾರ ಬೇಕು, ಮೂರನೇ ದಿನಕ್ಕೇ ಬಿಸಾಡಬೇಡಿ.

ಹಸಿರು ಕಾಫಿ ಬೀಜದ ದೂಳು ಸ್ವತಃ ಅಲರ್ಜಿ ಹುಟ್ಟಿಸಬಲ್ಲದು. ಹಲ್ಲಿಂಗ್ ಮಾಡುವಾಗ, ಗೋಣಿ ಕೊಡವುವಾಗ, ಕಣದಲ್ಲಿ ಒಣಗಿದ ಚೆರಿ ಗುಡಿಸುವಾಗ ಬಟ್ಟೆ ಸುತ್ತಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು. ಸಂಜೆ ಮೂಗು ತೊಳೆಯಿರಿ. ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಮಟ್ಟಸ ಉಪ್ಪು, ಚಿಟಿಕೆ ಅಡುಗೆ ಸೋಡ. ಬರಿಯ ನೀರು ಹಾಕಿದರೆ ಉರಿಯುತ್ತದೆ. ನೀರು ಕೊತಕೊತ ಒಂದು ನಿಮಿಷ ಕುದಿಯಲೇಬೇಕು. ತೋಡಿನ ನೀರು, ಬಾವಿ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಕುದಿಸದೆ ಹಾಕಬೇಡಿ. ಪಕ್ಕದ ಕೇರಳದಲ್ಲಿ ಜೀವ ತೆಗೆದ ಮೆದುಳಿನ ಅಮೀಬಾ ಒಳಹೋಗುವುದು ಮೂಗಿನ ದಾರಿಯಿಂದಲೇ, ಕುಡಿಯುವುದರಿಂದಲ್ಲ.

ಒಂದೂವರೆ-ಎರಡು ತಿಂಗಳು ಹೀಗೆ ಮಾಡಿ ಆಮೇಲೆ ಲೆಕ್ಕ ಹಾಕಿ. ಮೂಗು ತುಂಬಿದಂತಿರುವುದು, ಕಟ್ಟಿಕೊಳ್ಳುವುದು, ಮೂಗಿನಿಂದ ಉಸಿರಾಡಲು ಕಷ್ಟ, ನಿದ್ದೆಗೆ ಅಡ್ಡಿ, ಏರು ಹತ್ತುವಾಗ ಗಾಳಿ ಸಾಲದಿರುವುದು – ಐದಕ್ಕೂ 0ಯಿಂದ 4ರವರೆಗೆ ಅಂಕ ಕೊಟ್ಟು, ಕೂಡಿಸಿ 5ರಿಂದ ಗುಣಿಸಿ. ನೂರಕ್ಕೆ ಮೂವತ್ತು ದಾಟಿದರೆ ಮತ್ತೆ ತೋರಿಸಬೇಕಾದಷ್ಟು ತೊಂದರೆ ಉಳಿದಿದೆ. ಒಂದು ಹೊಳ್ಳೆ ಕೆಲವು ಗಂಟೆ, ಇನ್ನೊಂದು ಕೆಲವು ಗಂಟೆ ಬಿಗಿಯುವುದು ಎಲ್ಲರಿಗೂ ಸಹಜ. ಪ್ರಾಣಾಯಾಮ ಕಲಿತವರು ಚಂದ್ರನಾಡಿ, ಸೂರ್ಯನಾಡಿ ಎನ್ನುವಾಗ ಗಮನಿಸುವುದು ಇದನ್ನೇ. ಯಾವಾಗಲೂ ಅದೇ ಬದಿ ಕಟ್ಟಿದ್ದರೆ ಗೋಡೆಯ ಮೇಲೆ ಅನುಮಾನ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಟ್ಟರೆ ಎರಡು ಮಂಜಿನ ಕಲೆ ಮೂಡುತ್ತವೆ. ದಿನಕ್ಕೆ ನಾಲ್ಕು ಸಲ ನೋಡಿ. ನಾಲ್ಕು ಸಲವೂ ಒಂದೇ ಬದಿಯ ಕಲೆ ಚಿಕ್ಕದಿದ್ದರೆ ವೈದ್ಯರಿಗೆ ಹೇಳಿ.

ಕೊನೆಗೆ ಆಪರೇಷನ್ನೇ ಬೇಕಾದರೆ, ಮೂಗಿನಲ್ಲಿ ತುರುಕಿದ ಪ್ಯಾಕ್ ಒಂದೆರಡು ದಿನ, ಸಿಲಿಕೋನ್ ಹಲಗೆ ಇಟ್ಟಿದ್ದರೆ 5ರಿಂದ 7 ದಿನ. ಎರಡು ವಾರ ಮೂಗು ಸೀಟಬೇಡಿ, ಮೂಟೆ ಎತ್ತಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಮೇಲಿನ ಮುಂಹಲ್ಲು ಕೆಲವು ವಾರ ಜೋಮು ಹಿಡಿದಂತಿರುವುದು ಸಾಮಾನ್ಯ. ಪ್ಯಾಕ್ ತೆಗೆದ ಮೇಲೆ ಎರಡೂ ಕಡೆ ಒಟ್ಟಿಗೆ ಬಿಗಿದು ನೋವು, ಜ್ವರ ಏರಿದರೆ ಒಳಗೆ ರಕ್ತ ನಿಂತಿರಬಹುದು, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಿ. ಆಯುಷ್ಮಾನ್ ಕಾರ್ಡ್ ಇದ್ದರೆ ದಿನ ಗೊತ್ತು ಮಾಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಕೇಳಿ, ದಾಖಲಾದ ಮೇಲೆ ಕೇಳಿದರೆ ಕಾಗದಪತ್ರ ಹೊಂದಿಸುವಷ್ಟರಲ್ಲಿ ಡಿಸ್ಚಾರ್ಜ್ ಆಗಿರುತ್ತದೆ.